ಎಡಕ್ಕೆ ತಿರುಗುವ ಚಾಂಪಿಯನ್

ಅಮೆರಿಕದ ಸಮಾಮಿಶ್‌ನಲ್ಲಿ ನಮ್ಮ ಪಕ್ಕದ ಮನೆಯವನು ರಿಟೈರಾದ ಸ್ಟಾಕ್ ಕಾರ್ ರೇಸ್ ಡ್ರೈವರ್. ನೋಡಲು ಮಾಮೂಲಿಯಂತಿರುವ ಕಾರುಗಳು ಮೊಟ್ಟೆಯಾಕಾರದ ಟ್ರ್ಯಾಕಿನ ಮೇಲೆ ಕಿವಿ ಹರಿಯುವಂತೆ ಸದ್ದು ಮಾಡುತ್ತ ಸುತ್ತುವುದೇ ಈ ರೇಸ್. ಸುತ್ತುವುದೂ ಬರೀ ಎಡಕ್ಕೆ. ಹೀಗೆ ಜೀವಮಾನವಿಡೀ ಎಡಕ್ಕೆ ತಿರುಗಿ, ಹೊರಟಲ್ಲಿಗೇ ಬಂದು ನಿಂತದ್ದಕ್ಕೆ ಸಿಕ್ಕ ಟ್ರೋಫಿಗಳು ಅವನ ಗ್ಯಾರೇಜಿನ ಗೋಡೆಗಳನ್ನು ತುಂಬಿದ್ದವು. ಅವನ ಸ್ವಂತ ಕಾರು ಹೊರಗೆ ಮಳೆಯಲ್ಲಿ ನೆನೆಯುತ್ತಿತ್ತು. ನಮ್ಮ ಕಡೆ ಗಾಣದ ಎತ್ತುಗಳೂ ಇದನ್ನೇ ಮಾಡುತ್ತಿದ್ದವು. ಅವಕ್ಕೆ ಯಾರೂ ಟ್ರೋಫಿ ಕೊಟ್ಟದ್ದು ನಾನು ಕಂಡಿಲ್ಲ.

ಮೈಸೂರಿನವರಾದ ನನ್ನ ಗಂಡನಿಗೆ ಮಾತ್ರ ಅವನೆಂದರೆ ಸಾಕ್ಷಾತ್ ದೇವರು. ಶನಿವಾರ ಬಂತೆಂದರೆ ಆ ಗ್ಯಾರೇಜಿನಲ್ಲಿ ನಿಂತು ಅದೇ ಗೆಲುವುಗಳ ಕತೆಯನ್ನು ಬಾಯಿ ಬಿಟ್ಟುಕೊಂಡು ಕೇಳುವರು. ಚಾಂಪಿಯನ್ ಸಾಹೇಬರು ಪ್ರತಿ ವಾರ ಹೋದ ವಾರಕ್ಕಿಂತ ಒಂದಿಷ್ಟು ಹೆಚ್ಚು ವೇಗದಲ್ಲಿ ಗೆಲ್ಲುತ್ತಿದ್ದರು.

ನನ್ನ ಪಾಡು ಬೇರೆ. ಗುಡ್ಡದ ಮೇಲಿನ ಆ ಊರಿನಲ್ಲಿ ಕಾರು ಓಡಿಸಲು ಬಾರದಿದ್ದರೆ ಮನೆಯೇ ಜೈಲು. ಧಾರವಾಡದಲ್ಲಿ ಸ್ಕೂಟಿ ಏರಿ ಊರೆಲ್ಲ ಸುತ್ತಿದವಳು ಇಲ್ಲಿ ಕೊತ್ತಂಬರಿ ಸೊಪ್ಪಿಗೂ ಗಂಡನ ಮೀಟಿಂಗ್ ಮುಗಿಯಲೆಂದು ಕಾಯಬೇಕಿತ್ತು. ಸಿಟ್ಟು ಬರುತ್ತಿತ್ತು, ಒಬ್ಬಳೇ ಇದ್ದಾಗ ಅಳುವೂ ಬರುತ್ತಿತ್ತು. ಲೈಸೆನ್ಸ್ ಟೆಸ್ಟಿನಲ್ಲಿ ಆಗಲೇ ಒಮ್ಮೆ ಫೇಲಾಗಿದ್ದೆ. ಎಡಕ್ಕೆ ತಿರುಗು ಎಂದಾಗ, ಗಾಡಿಗಳು ಬಲಮಗ್ಗುಲಲ್ಲಿ ಓಡುವ ಈ ದೇಶದಲ್ಲೂ ಊರಿನ ಅಭ್ಯಾಸದಂತೆ ಸಲೀಸಾಗಿ ಹೊಸ ರಸ್ತೆಯ ಎಡಮಗ್ಗುಲಿಗೇ ನುಗ್ಗಿ, ಎದುರು ಬರುತ್ತಿದ್ದ ಟ್ರಕ್ಕಿಗೆ ಮುಖಾಮುಖಿ ನಿಂತಿದ್ದೆ.

"ಎಡಕ್ಕೆ ತಿರುಗೋದ್ರಲ್ಲಿ ಅವರಿಗಿಂತ ಎಕ್ಸ್‌ಪರ್ಟ್ ಬೇಕಾ? ಕೇಳ್ತೀನಿ ಇರು," ಎಂದರು ನನ್ನ ಗಂಡ.

ಮಹಾಶಯ ಒಪ್ಪಿದ. ಪಾಠವೇನೋ ಒಂದೇ ಮಾತಿನದು: ತಿರುಗಿದ ಮೇಲೂ ರಸ್ತೆ ನಡುವಿನ ಹಳದಿ ಗೆರೆ ನಿನ್ನ ಎಡಭುಜದ ಪಕ್ಕದಲ್ಲೇ ಇರಬೇಕು. ಉಳಿದ ಹೊತ್ತೆಲ್ಲ ಅವನ ಪರಾಕ್ರಮ. ಯಾರನ್ನು ಹೇಗೆ ಹಿಂದೆ ಹಾಕಿದ, ಯಾವ ಊರಿನಲ್ಲಿ ಜನ ಎದ್ದು ನಿಂತು ಕೂಗಿದರು. ನಾನು ಗೆರೆ ನೋಡುತ್ತ ಹೂಂ ಹೂಂ ಅನ್ನುತ್ತಿದ್ದೆ.

ಎರಡನೇ ಟೆಸ್ಟಿನ ದಿನ ಗಂಡ ಆಫೀಸಿಗೆ ಹೋಗಿದ್ದರು. ಪಾಸಾದರೆ ಹಂಚಲೆಂದು ಶೇಂಗಾ ಉಂಡಿಯ ಡಬ್ಬಿಯನ್ನು ಹಿಂದಿನ ಸೀಟಿನಲ್ಲಿಟ್ಟು, ನಾಲ್ಕೂ ಗಾಲಿಗಳ ಕೆಳಗೆ ಹಸಿರು ನಿಂಬೆಹಣ್ಣು ಇಟ್ಟೆ. ಗಂಡನ ಬದಲು ಜೊತೆಗೆ ಬರಬೇಕಿದ್ದ ಚಾಂಪಿಯನ್ ಬಂದು ಡಬ್ಬಿಯಲ್ಲಿ ಏನೆಂದು ಕೇಳಿದ. ಹೇಳಿದೆ. ಹಾವು ತುಳಿದವನಂತೆ ಹಿಂದಕ್ಕೆ ಹಾರಿದ! ರೇಸಿನವರ ಕಾರಿನ ಹತ್ತಿರ ಶೇಂಗಾ ಬಂದರೆ ಘಾತವಂತೆ. ಹಸಿರು ಬಣ್ಣವೂ ಆಗದಂತೆ. ಅಷ್ಟರಲ್ಲಿ ನಿಂಬೆಹಣ್ಣೂ ಕಣ್ಣಿಗೆ ಬಿತ್ತು. ಎಲ್ಲ ತೆಗೆಯದೆ ಹತ್ತುವುದಿಲ್ಲ ಎಂದು ಕೈ ಕಟ್ಟಿ ನಿಂತ. ಲೈಸೆನ್ಸಿರುವವರು ಪಕ್ಕದಲ್ಲಿ ಕೂರದೆ ನಾನು ಕಾರು ತೆಗೆಯುವಂತಿರಲಿಲ್ಲ. ಗಂಡನಿಗೆ ಫೋನ್ ಮಾಡಿದೆ.

"ಏನ್ರಿ, ನಿಮ್ಮ ಚಾಂಪಿಯನ್ ಶೇಂಗಾಕ್ಕ ಅಂಜಿ ನಿಂತಾನ್ರಿ!"

"ಮೀಟಿಂಗಲ್ಲಿದೀನಿ ಕಣೇ. ಅವರು ಹೇಳ್ದಂಗೆ ಮಾಡು, ಎಕ್ಸ್‌ಪೀರಿಯನ್ಸ್ ಇರೋರು."

ಅಷ್ಟೆಲ್ಲ ಗೆದ್ದ ಗಂಡಸು ಉಂಡಿಗೆ ಹೆದರುವುದೆಂದರೇನು? ನಿಂಬೆಹಣ್ಣಿನ ಮಾತು ಬೇರೆ, ಅದಕ್ಕೊಂದು ಅರ್ಥವಿದೆ. ಹೊತ್ತು ಮೀರುತ್ತಿತ್ತು. ಡಬ್ಬಿಯನ್ನು ಒಳಗಿಟ್ಟು ಬಂದೆ. ನಿಂಬೆಹಣ್ಣು ತುಳಿಸದೆ ಮಾತ್ರ ಗಾಡಿ ತೆಗೆಯುವುದಿಲ್ಲ ಎಂದು ನಾನೂ ಹಟ ಹಿಡಿದೆ. ಕೊನೆಗೆ ಹತ್ತಿ ಕೂತ, ನಾಲ್ಕೂ ಹಣ್ಣು ಅಪ್ಪಚ್ಚಿಯಾಗುವವರೆಗೆ ಟೋಪಿಯಿಂದ ಮುಖ ಮುಚ್ಚಿಕೊಂಡ.

ಟೆಸ್ಟಿನಲ್ಲಿ ಎಡತಿರುವು ಬಂತು. ಎದುರಿನ ಕಾರುಗಳು ಹೋಗಲೆಂದು ಕಾದೆ, ತಿರುಗಿದೆ. ಹಳದಿ ಗೆರೆ ಭುಜದ ಪಕ್ಕದಲ್ಲೇ ಇತ್ತು. ಪಾಸಾದೆ. ಹೊರಗೆ ಕಾಯುತ್ತಿದ್ದವನು "ನಾವು ಗೆದ್ದೆವು!" ಎಂದು ಕೂಗಿದ. ನಾವಂತೆ! ನನಗೆ ಸುಮ್ಮನಿರಲಾಗಲಿಲ್ಲ. ಬೆಳಿಗ್ಗೆ ನಾನು ರೊಟ್ಟಿಗೆ ಹಚ್ಚಿಕೊಂಡು ತಿಂದದ್ದು ಶೇಂಗಾ ಚಟ್ನಿಪುಡಿಯನ್ನೇ ಎಂದು ಹೇಳಿದೆ. ಅವನ ಮುಖ ಇಳಿದುಹೋಯಿತು. ಅರ್ಧ ದಾರಿ ಕಳೆದ ಮೇಲೆ ಟೋಪಿ ಸರಿಪಡಿಸಿಕೊಂಡು, "ಹಾಗಾದರೆ ಇದು ಇನ್ನೂ ದೊಡ್ಡ ಗೆಲುವು," ಎಂದ.

ಮುಂದಿನ ಶನಿವಾರ ನೋಡಿದರೆ, ಟ್ರೋಫಿಗಳ ನಡುವೆ ನನ್ನ ಫೋಟೊ ಫ್ರೇಮ್ ಹಾಕಿಸಿಕೊಂಡು ಕೂತಿತ್ತು. ಬಂದವರಿಗೆಲ್ಲ ಅದನ್ನು ತೋರಿಸಿ, ಶೇಂಗಾ ತಿಂದವಳನ್ನೂ ಗೆಲ್ಲಿಸಿದ ಕತೆ ಹೇಳುತ್ತಿದ್ದ. ನನ್ನ ಗಂಡ ಪಕ್ಕದಲ್ಲಿ ತಲೆದೂಗುತ್ತಿದ್ದರು. ಕೇಳುತ್ತ ನಿಲ್ಲಲು ನನಗೆ ಪುರುಸೊತ್ತಿರಲಿಲ್ಲ. ಕೊತ್ತಂಬರಿ ಸೊಪ್ಪು ತರಲು ಕ್ರಾಸ್‌ರೋಡ್ಸ್ ಮಾರ್ಕೆಟ್ಟಿಗೆ ಹೊರಟಿದ್ದೆ, ಒಬ್ಬಳೇ. ಆ ಗೋಡೆಯ ಮೇಲಿನ ಗೆಲುವುಗಳಲ್ಲೆಲ್ಲ ಎಲ್ಲಿಗಾದರೂ ಹೋಗಿ ಮುಟ್ಟಿದ್ದು ನಾನೊಬ್ಬಳೇ.