ಪಾದ್ರಿ ಮೆಚ್ಚಿದ ಹುಡುಗಿಗೆ ಒಂದು ಹುಂಜ

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಈ ಮಾತನ್ನು ಎರಡನೇ ವಾಕ್ಯಕ್ಕೆ ತಳ್ಳುವಷ್ಟು ವಿನಯ ನನಗಿಲ್ಲ. ಬಿ.ಎ.ನಲ್ಲಿ ಇಂಗ್ಲಿಷ್ ಪೇಪರಿಗೆ ಎರಡು ಸಲ ಬಿದ್ದು ಮೂರನೇ ಸಲ ಎದ್ದೆ. ಎಬ್ಬಿಸಿದವರು, ಕೋಲಾರದಲ್ಲಿ ನನ್ನ ಬಾಡಿಗೆ ಕೋಣೆಯ ಪಕ್ಕದಲ್ಲಿದ್ದ ನಿವೃತ್ತ ನರ್ಸಮ್ಮ. ಕೈಯಲ್ಲಿದ್ದ ಗೈಡು ಕಿತ್ತುಕೊಂಡು, ತಮ್ಮ ಟ್ರಂಕಿನಿಂದ ಅಂಚು ಹಳದಿಯಾದ ಇಂಗ್ಲಿಷ್ ಕಾದಂಬರಿಗಳನ್ನು ಕೊಟ್ಟರು. ಎಲ್ಲದರಲ್ಲೂ ಒಬ್ಬ ಅನಾಥ ಹುಡುಗಿ, ಒಬ್ಬ ಒಳ್ಳೆಯ ಪಾದ್ರಿ, ಬೇಕಾದಷ್ಟು ಕಷ್ಟ, ಪುಟಕ್ಕೆರಡು ಪ್ರಾರ್ಥನೆ. ಒಂದು ಮುತ್ತಿಗೆ ಮುನ್ನೂರು ಪುಟ ಕಾಯಬೇಕು; ಅದೂ ಹಣೆಗೆ. ಆ ಆಸೆಯಲ್ಲೇ ನನ್ನ ಇಂಗ್ಲಿಷ್ ಸುಧಾರಿಸಿತು.

ಈಗ ನರಸಾಪುರದ ಕಂಪನಿಯೊಂದರಲ್ಲಿ ಕೆಲಸ. ಶ್ರೀನಿವಾಸಪುರ ರಸ್ತೆಯ ನಮ್ಮೂರಿಗೆ ಕಂಪನಿ ಬಸ್ಸು ಬರುತ್ತದೆ. ಕಾದಂಬರಿಗಳ ಚಟ ಬಿಟ್ಟಿಲ್ಲ; ನರ್ಸಮ್ಮನ ಟ್ರಂಕಿನಿಂದ ಇನ್ನೂ ಓದದವನ್ನು ತರುತ್ತಿರುತ್ತೇನೆ. ಒಂದು ಮಧ್ಯಾಹ್ನ ಅಮ್ಮ ರೇಷ್ಮೆ ಹುಳುವಿಗೆ ಸೊಪ್ಪು ಕತ್ತರಿಸುತ್ತಾ, "ಅದೇನ್ಲಾ ಒಬ್ಬೊಬ್ನೇ ನಗ್ತಾ ಕೂತಿದ್ದೀಯ? ನಂಗೂ ಓದಿ ಹೇಳು" ಎಂದಳು. ಅಂದಿನಿಂದ ಅವಳು ಸೊಪ್ಪು ಕತ್ತರಿಸುವುದು, ನಾನು ಇಂಗ್ಲಿಷ್ ನೋಡಿ ಕನ್ನಡದಲ್ಲಿ ಹೇಳುವುದು.

ಒಂದೇ ಷರತ್ತು. "ಇದ್ದದ್ದು ಇದ್ದಂಗೆ ಓದ್ಬೇಕು ಕಣೋ."

ಅದಕ್ಕೆ ಕಾರಣವಿತ್ತು. ನನಗಿನ್ನೂ ಅಕ್ಷರ ಬಾರದ ಕಾಲದಲ್ಲಿ ಪಕ್ಕದ ಮನೆಯವನೊಬ್ಬ ನಮಗೆ ಲಗ್ನಪತ್ರಿಕೆ ಓದಿ ಹೇಳಿದ್ದ. ಹೊಸ ಬಟ್ಟೆ ತೊಟ್ಟು, ಮುಯ್ಯಿಯ ಪಾತ್ರೆ ಹಿಡಿದು ಮುಳಬಾಗಿಲಿಗೆ ಹೋದರೆ, ಮದುವೆ ಹಿಂದಿನ ದಿನವೇ ಮುಗಿದು ಚಪ್ಪರ ಬಿಚ್ಚುತ್ತಿದ್ದರು. ಗಂಡಿನ ಕಡೆಯವರು ನಮಗೆ ಕಂಬ ಹಿಡಿದುಕೊಳ್ಳಲು ಹೇಳಿದರು. ವಾಪಸ್ ಬರುವ ಬಸ್ಸಿನಲ್ಲೇ ಅಮ್ಮ ನನ್ನನ್ನು ಓದಿಸುವ ತೀರ್ಮಾನ ಮಾಡಿದಳು. ಅವಳ ಮಟ್ಟಿಗೆ ನನ್ನ ಡಿಗ್ರಿಯ ಅರ್ಥ ಇಷ್ಟೇ: ಕಾಗದದಲ್ಲಿ ಏನಿದೆಯೆಂದು ಇನ್ನು ಯಾರೂ ಅವಳಿಗೆ ಸುಳ್ಳು ಹೇಳುವಂತಿಲ್ಲ.

ಮೊದಲ ಪುಸ್ತಕದ ಹುಡುಗಿ ಹಿಮದಲ್ಲಿ ಮೂರು ಮೈಲಿ ನಡೆದು ಚರ್ಚಿಗೆ ಹೋಗುತ್ತಿದ್ದಳು. "ಒಂದು ಸ್ವೆಟರ್ ಹಾಕ್ಕೋಬಾರ್ದಾ ಮುಂಡೇದು?" ಎಂದು ಅಮ್ಮ ಬೈದಳು. ಪಾದ್ರಿಗೆ ಅವಳ ಮೇಲೆ ಪ್ರೀತಿ, ಆದರೆ ಎಂಟು ಅಧ್ಯಾಯ ಟೋಪಿ ತೆಗೆಯುತ್ತಾನೆ, ಹಾಕುತ್ತಾನೆ, ಹವಾಮಾನದ ವಿಷಯ ಮಾತಾಡುತ್ತಾನೆ. "ಬಾಯ್ಬಿಟ್ಟು ಹೇಳೋಕೇನ್ಲಾ ಇವ್ನಿಗೆ ರೋಗ? ನಿಮ್ಮಪ್ಪ ಇದಕ್ಕಿಂತ ವಾಸಿ. ಸೀದಾ ಮನೆಗೆ ಬಂದು ಉಪ್ಪಿಟ್ಟು ತಿಂದು ಒಪ್ಕೊಂಡೋದ." ಕೊನೆಗೆ ಪಾದ್ರಿ ಬಾಯಿಬಿಟ್ಟ ಅಧ್ಯಾಯದಲ್ಲೇ ಹುಡುಗಿ ಕೆಮ್ಮಿದಳು.

ಅಮ್ಮನ ಕುಡುಗೋಲು ನಿಂತಿತು. ಎದ್ದು ಕೈ ತೊಳೆದು, ಊರ ಗಂಗಮ್ಮನ ಗುಡಿಯ ಕಡೆ ತಿರುಗಿ ಕೈ ಮುಗಿದಳು. "ಆ ತಾಯಿಲ್ಲದ ಹುಡುಗಿ ಬದುಕಿದ್ರೆ ನಮ್ಮ ಹುಂಜ ನಿಂಗೆ ಕಣಮ್ಮ."

"ಅಮ್ಮಾ, ಅವಳು ಪುಸ್ತಕದೋಳು!"

"ನೀನು ಓದು. ಮಿಕ್ಕಿದ್ದು ನಂಗೂ ಗಂಗಮ್ಮಂಗೂ ಬಿಡು."

ಆ ಹುಂಜದ ವಿಷಯ ಹೇಳಲೇಬೇಕು. ನಾನು ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗಿದರೆ ಕಿಟಕಿಯ ಮೇಲೆ ನಿಂತು ಕೂಗುತ್ತಿತ್ತು. ಓಡಿಸಲು ಹೋದರೆ ಕುಕ್ಕುತ್ತಿತ್ತು. ಪದವೀಧರ ಅನ್ನುವ ಮರ್ಯಾದೆ ಅದಕ್ಕೆ ಕಿಂಚಿತ್ತೂ ಇರಲಿಲ್ಲ.

ಮರುದಿನ ಬಸ್ಸಿನಲ್ಲಿ ಕೊನೆಯ ಅಧ್ಯಾಯ ಓದಿಬಿಟ್ಟೆ. ಹುಡುಗಿ ಸತ್ತಳು. ಮುಗುಳ್ನಗುತ್ತಾ, ಎಲ್ಲರನ್ನೂ ಕ್ಷಮಿಸುತ್ತಾ, ನಾಲ್ಕು ಪುಟದಷ್ಟು ನಿಧಾನವಾಗಿ ಸತ್ತಳು. ಪಕ್ಕದ ಸೀಟಿನವನು ನನ್ನ ಕಣ್ಣು ನೋಡಿ, "ಏನ್ ಗುರೂ, ಓಟಿ ಕಟ್ ಮಾಡಿದ್ರಾ?" ಎಂದ.

ಸಂಜೆ ಅಮ್ಮ ಸೊಪ್ಪಿನ ಮುಂದೆ ಕಾದಿದ್ದಳು. ಪುಸ್ತಕ ತೆರೆದೆ. ಅವಳ ಮುಖ ನೋಡಿದೆ. ಹೊರಗೆ ಹುಂಜ ಕೂಗಿತು.

"ಕೆಮ್ಮು ವಾಸಿಯಾಯಿತು," ಎಂದು ಓದಿದೆ. ಓದಿದೆ ಅನ್ನಬಾರದು, ಹೇಳಿದೆ. ಮದುವೆಯನ್ನೂ ಮಾಡಿಸಿದೆ. ಜೋಶಿನಲ್ಲಿ ಚಪ್ಪರವನ್ನೂ ಹಾಕಿಸಿದೆ.

ಭಾನುವಾರ ಹರಕೆ ತೀರಿತು. ನಾನು ಎರಡು ಮುದ್ದೆ ಉಂಡೆ. ಸಾರು ಚೆನ್ನಾಗಿತ್ತು, ಮೂರನೇ ಮುದ್ದೆ ಮಾತ್ರ ಬೇಡವೆಂದೆ.

ಮಾವಿನ ಕಾಲಕ್ಕೆ ನರ್ಸಮ್ಮ ಶ್ರೀನಿವಾಸಪುರದಲ್ಲಿ ಹಣ್ಣು ಕೊಂಡು, ಕೋಲಾರಕ್ಕೆ ವಾಪಸಾಗುವ ದಾರಿಯಲ್ಲಿ ನಮ್ಮೂರಲ್ಲಿ ಇಳಿದರು. ಜಗಲಿ ತುಂಬ ನೆರೆಹೊರೆಯವರು. ಅಮ್ಮ ನೀರು ಕೊಡುವ ಮೊದಲೇ ಸುದ್ದಿ ಕೊಟ್ಟಳು: "ಮೇಡಂ, ಹಿಮದಾಗೆ ನಡೀತಿದ್ಳಲ್ಲ ನಮ್ಮ ಪಾದ್ರಿ ಹುಡುಗಿ, ಬದುಕ್ಕೊಂಡ್ಳು!"

"ಅವ್ಳು ಸತ್ತೋಗ್ತಾಳಲ್ಲಮ್ಮ? ನಾನು ಆರು ಸಲ ಓದಿದೀನಿ. ಆರು ಸಲಾನೂ ಅತ್ತಿದೀನಿ."

ನಾನು ಗೋಡೆಯ ಮೇಲಿದ್ದ ನನ್ನ ಡಿಗ್ರಿ ಸರ್ಟಿಫಿಕೇಟಿನ ಕಡೆ ನೋಡಲಾರದೆ ಮಾವಿನ ಬುಟ್ಟಿ ನೋಡಿದೆ. ಅಮ್ಮ ನನ್ನನ್ನೊಮ್ಮೆ ದಿಟ್ಟಿಸಿ, ಆಮೇಲೆ ನರ್ಸಮ್ಮನ ಕಡೆ ತಿರುಗಿದಳು.

"ನೀವು ಓದಿದಾಗ ಹುಂಜ ಕೊಟ್ಟಿರ್ಲಿಲ್ವಲ್ಲ ಮೇಡಂ."

ನರ್ಸಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಛೇ, ನಂಗೆ ಹೊಳೀಲೇ ಇಲ್ಲ ನೋಡಿ" ಎಂದು ಬುಟ್ಟಿಯ ದೊಡ್ಡ ಹಣ್ಣನ್ನು ಅಮ್ಮನಿಗೆ ಕೊಟ್ಟರು.

ಅವರನ್ನು ಬಸ್ಸು ಹತ್ತಿಸಿ ಬಂದಾಗ ಅಮ್ಮ ಪುಸ್ತಕದ ಕೊನೆಯ ಪುಟ ತೆರೆದು ಬೆರಳಿಟ್ಟು ಕೂತಿದ್ದಳು. ಪುಸ್ತಕ ತಲೆಕೆಳಗಾಗಿತ್ತು.

"ಜನದ ಮುಂದೆ ನಿನ್ನ ಮಾನ ಉಳಿಸ್ದೆ. ಈಗ ಓದು. ಇದ್ದದ್ದು ಇದ್ದಂಗೆ."

ಪುಸ್ತಕ ತಿರುಗಿಸಿ ನಾಲ್ಕು ಪುಟವನ್ನೂ ಓದಿದೆ, ಒಂದು ಮಾತೂ ಬಿಡದೆ. ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಮೊದ್ಲೇ ಹೇಳಿದ್ರೆ ಅಳ್ತಿದ್ದೆ, ಅಷ್ಟೇ ತಾನೆ? ಆ ಪತ್ರಿಕೆ ಓದಿದೋನಿಗೆ ಅಕ್ಷರ ಸರಿಯಾಗಿ ಬರ್ತಿರ್ಲಿಲ್ಲ. ನಿಂಗೇನ್ಲಾ ಬಂದಿತ್ತು?"

"ತಪ್ಪಾಯ್ತಮ್ಮ" ಎಂದೆ. ಡಿಗ್ರಿ ಬಂದ ಮೇಲೆ ಆ ಮಾತು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು.

ಅಮ್ಮ ಸೊಪ್ಪು ಹತ್ತಿರ ಎಳೆದುಕೊಂಡು ಮತ್ತೆ ಕುಡುಗೋಲು ಹಿಡಿದಳು.

"ಇನ್ನೊಂದು ಪುಸ್ತಕ ಐತಾ?"

"ಐತೆ."

"ಅದ್ರಲ್ಲಿ ಯಾರಾದ್ರೂ ಕೆಮ್ತಾರಾ? ಕೊನೇ ಪುಟ ಮೊದ್ಲು ನೋಡಿ, ನಿಜ ಹೇಳು."

ನೋಡಿದೆ. "ಒಬ್ಬ ಮುದುಕ ಕೆಮ್ತಾನೆ. ಸಾಯಲ್ಲ. ನಿಜವಾಗ್ಲೂ."

"ಹಂಗಾದ್ರೆ ಸರಿ," ಎಂದು ಅಮ್ಮ ಗುಡಿಯ ಕಡೆ ತಿರುಗಿ ಕೈ ಮುಗಿದಳು. "ತಾಯಿ, ಆ ಹುಂಜ ಈ ಮುದುಕಂಗೆ ಅಂದ್ಕೊಂಬಿಡು. ಊಂ, ಓದ್ಲಾ."