ಹಿಲರಿ ಸರ್ ಅವರ ಶುಕ್ರವಾರ

ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ಹಿಲರಿ ಸರ್ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಮೊದಲು ಘಾನಾಕ್ಕೆ ಫೋನು ಮಾಡುತ್ತಿದ್ದರು, ಆಮೇಲೆ ಜಮೈಕಾಕ್ಕೆ. ದೋಹಾದ ಮೂರು ಗಂಟೆ ಎಂದರೆ ಅಕ್ರಾದಲ್ಲಿ ಮಟಮಟ ಮಧ್ಯಾಹ್ನ, ಕಿಂಗ್‌ಸ್ಟನ್ನಿನಲ್ಲಿ ಬೆಳಗಿನ ಏಳು. ಆ ಎರಡು ಕರೆಗಳನ್ನು ಅವರು ಕುಳಿತು ಮಾಡಿದ್ದನ್ನು ನಾನು ಕಂಡಿಲ್ಲ. ಯಾಕೆಂದು ಒಮ್ಮೆ ಕೇಳಿದೆ.

"ಇನ್ನೊಬ್ಬರ ಮನೆಗೆ ಹೋದವ, ಅವರು ಕೂತ್ಕೊಳ್ಳಿ ಅನ್ನುವ ತನಕ ನಿಂತೇ ಇರ್ಬೇಕು ಮಾರಾಯ್ತಿ. ಫೋನಲ್ಲಿ ಯಾರು ಕೂತ್ಕೊಳ್ಳಿ ಅಂತಾರೆ?"

ಆ ಎರಡು ದೇಶಗಳಲ್ಲಿ ಒಂದನ್ನೂ ಅವರು ನೋಡಿರಲಿಲ್ಲ. ಕರಾವಳಿಯ ಶಿರ್ವದಿಂದ ಬಂದು ಮೂವತ್ತು ವರ್ಷ ದೋಹಾದಲ್ಲಿದ್ದವರು. ನಮ್ಮದು ವೆಸ್ಟ್ ಬೇಯ ಒಂದು ಕಟ್ಟಡದ ಹದಿನೇಳನೆಯ ಮಹಡಿಯ ಸಣ್ಣ ಕಚೇರಿ. ಘಾನಾದಲ್ಲಿ ಶಿಯಾ ಮರದ ಬೀಜದಿಂದ ತೆಗೆಯುವ ಬೆಣ್ಣೆಯನ್ನು ಜಮೈಕಾದ ಒಂದು ಸೋಪಿನ ಕಾರ್ಖಾನೆಗೆ ಕೊಡಿಸುವುದು, ಅಲ್ಲಿಯ ಶುಂಠಿಯನ್ನೂ ಖಾರದ ಸಾಸನ್ನೂ ಘಾನಾದ ಅಂಗಡಿಗಳಿಗೆ ಮುಟ್ಟಿಸುವುದು ಹಿಲರಿ ಸರ್ ಅವರ ಕೆಲಸ. ಸರಕು ದೋಹಾದ ಕಡೆ ತಲೆ ಹಾಕುತ್ತಲೇ ಇರಲಿಲ್ಲ. ಬರುತ್ತಿದ್ದದ್ದು ಕಾಗದಪತ್ರ, ಜೊತೆಗೆ ಸಣ್ಣ ಡಬ್ಬಿಗಳಲ್ಲಿ ಬೆಣ್ಣೆಯ ಸ್ಯಾಂಪಲ್. ಅದನ್ನು ಅವರು ಎಲ್ಲರ ಮೊಣಕೈಗೂ ಹಚ್ಚಿಸುತ್ತಿದ್ದರು. "ಏಸಿಯಲ್ಲಿ ಒಣಗಿ ಕೊರಡಾಗಿದ್ದೀರಿ, ಹಚ್ಚಿ!" ಇಡೀ ಕಟ್ಟಡದಲ್ಲಿ ಮೆತ್ತಗಿನ ಮೊಣಕೈಗಳು ನಮ್ಮವೇ ಇದ್ದವೇನೋ.

ಅವರಿಗೊಂದು ಕೊರಗಿತ್ತು. ಘಾನಾ ಮತ್ತು ಜಮೈಕಾದ ನಡುವೆ ಇರುವುದು ಒಂದೇ ಸಮುದ್ರ. ಆದರೂ ನಮ್ಮ ಸರಕು ಮೊದಲು ಯುರೋಪಿನ ಬಂದರಿಗೆ ಹೋಗಿ, ಅಲ್ಲಿ ವಾರಗಟ್ಟಲೆ ಕಾದು, ಬೇರೆ ಹಡಗು ಹತ್ತಿ ಹಿಂದಿರುಗಬೇಕಿತ್ತು. ನಾನು ಇತಿಹಾಸದ ಎಂ.ಎ. ಓದಿದವಳೆಂದು ಗೊತ್ತಾದ ದಿನ ಅವರು ಗೋಡೆಯ ನಕ್ಷೆಯ ಮುಂದೆ ನನ್ನನ್ನು ನಿಲ್ಲಿಸಿಕೊಂಡರು. "ನೀನು ಓದಿದವಳಲ್ವಾ, ಹೇಳು. ಮನುಷ್ಯರನ್ನು ಸರಪಳಿ ಹಾಕಿ ತುಂಬಿಸುವಾಗ ಹಡಗಿಗೆ ಇಲ್ಲಿಂದ ಇಲ್ಲಿಗೆ ನೇರ ದಾರಿ ಗೊತ್ತಿತ್ತು. ಬೆಣ್ಣೆ ಕೊಂಡೋಗ್ಲಿಕ್ಕೆ ಮಾತ್ರ ದಾರಿ ತಪ್ಪಿತಾ?" ಈ ಮಾತನ್ನು ಅಂದೇ ಡೈರಿಯಲ್ಲಿ ಬರೆದುಕೊಂಡೆ, ಆದ್ದರಿಂದ ನಂಬಬಹುದು. ಬರೆಯದೆ ಬಿಟ್ಟ ಮಾತುಗಳನ್ನು ನನ್ನ ನೆನಪು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತದೆ.

ನಾನು ಸೇರಿ ನಾಲ್ಕು ತಿಂಗಳಾದಾಗ ಅಂಥದೊಂದು ಹಡಗು ಸಿಕ್ಕಿತು. ಘಾನಾದ ಟೇಮಾ ಬಂದರಿನಿಂದ ನೇರ ಕಿಂಗ್‌ಸ್ಟನ್ನಿಗೆ ಹೋಗುವುದು. ಅದರಲ್ಲಿ ನಮ್ಮ ಸರಕಿಗೆ ಜಾಗ ಖಚಿತವಾದರೆ ಶುಕ್ರವಾರ ಅಕ್ರಾದಿಂದ ಸಂದೇಶ ಬರುತ್ತದೆ, ಮಧ್ಯಾಹ್ನ ಮೂರು ಗಂಟೆಯೊಳಗೆ ನಾವು ಒಪ್ಪಿಗೆ ಕಳಿಸಬೇಕು. ಶುಕ್ರವಾರ, ಶನಿವಾರ ಇಲ್ಲಿ ವಾರದ ರಜೆ. ಇಲ್ಲಿಯ ಕ್ರೈಸ್ತರು ಭಾನುವಾರದ ಪೂಜೆಗೂ ಶುಕ್ರವಾರವೇ ಹೋಗುತ್ತಾರೆ. ಕೊಂಕಣಿ ಪೂಜೆಯಲ್ಲಿ ಹಾಡುವವರ ಮುಂದಾಳು ಹಿಲರಿ ಸರ್, ಆ ಹೊತ್ತಿನಲ್ಲಿ ಫೋನು ಮುಟ್ಟುವವರಲ್ಲ. ಮೂವತ್ತು ವರ್ಷ ಹೀಗೇ ನಡೆದು ಅವರ ತಲೆಯಲ್ಲಿ ವಾರಗಳೇ ಕಲಸಿಹೋಗಿದ್ದವು. ಶುಕ್ರವಾರಕ್ಕೆ ಭಾನುವಾರ ಎನ್ನುತ್ತಿದ್ದರು, ಭಾನುವಾರ ಕಚೇರಿಗೆ ಬಂದು "ಸೋಮವಾರ ಬಂತು, ಯಲ್ಲಾ, ಕೆಲಸ ಶುರು ಮಾಡಿ" ಎನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು.

ಗುರುವಾರ ಸಂಜೆ ಕಚೇರಿಯ ಮೊಬೈಲನ್ನು ನನ್ನ ಕೈಗಿಟ್ಟು, "ನೀನು ನೋಡ್ಕೋ, ಆಯ್ತಾ?" ಎಂದರು. ಮರುದಿನ ನಾನು ಊರಿಂದ ಬಂದಿದ್ದ ಚಿಕ್ಕಮ್ಮನ ಮಗಳನ್ನು ಸೂಕ್ ವಾಕಿಫ್ ಪೇಟೆ ತೋರಿಸಲು ಕರೆದೊಯ್ದೆ. ಮೊಬೈಲು ಮನೆಯ ಮೇಜಿನ ಮೇಲೆ ಉಳಿಯಿತು, ಶನಿವಾರವೂ ಅದರ ನೆನಪಾಗಲಿಲ್ಲ. ಭಾನುವಾರ ನೋಡಿದಾಗ ಅಕ್ರಾದಿಂದ ಮೂರು ಸಂದೇಶ ಬಂದಿದ್ದವು. ಮೂರನೆಯದು, ಜಾಗ ಬೇರೆಯವರಿಗೆ ಹೋಯಿತೆಂದು.

ಮ್ಯಾನೇಜರ್ ರಝಾಕ್ ಉಳ್ಳಾಲದವರು. ನಮ್ಮಿಬ್ಬರನ್ನೂ ಒಳಗೆ ಕರೆದರು. "ಎಂತ ಶಾಲಿನಿ, ಫೋನು ನಿನ್ನ ಹತ್ರ ಇತ್ತಲ್ಲಾ?"

"ಭಾನುವಾರ ನೋಡು ಅಂದಿದ್ರು ಸರ್," ಎಂದೆ.

ಮೊದಲೇ ಯೋಚಿಸಿದ ಮಾತಲ್ಲ ಅದು. ಹಾಗೆಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ.

ಹಿಲರಿ ಸರ್ ನನ್ನತ್ತ ತಿರುಗಿದರು. ಸಿಟ್ಟಿರಲಿಲ್ಲ. ವಾರಗಳನ್ನು ಒಂದೊಂದಾಗಿ ಹೇಳಿ ನೋಡುವವರಂತೆ ತುಟಿ ಅಲುಗಿತು. "ಅಂದಿರ್ಲಿಕ್ಕೂ ಸಾಕು," ಎಂದರು ಕೊನೆಗೆ. "ನನ್ನ ಬಾಯಿಯ ಕಥೆ ನಿಮಗೆ ಗೊತ್ತುಂಟಲ್ಲ."

"ಹಿಲರಿಯಣ್ಣ, ನಿಮ್ಮ ಭಾನುವಾರದಲ್ಲಿ ಹಡಗೇ ಖಲಾಸ್," ಎಂದರು ರಝಾಕ್.

ಅದೇ ರಾತ್ರಿ ಡೈರಿ ತೆರೆದೆ. ಗುರುವಾರದ ಪುಟದಲ್ಲಿ ನನ್ನದೇ ಅಕ್ಷರ: "ಶುಕ್ರವಾರ ಮೂರರೊಳಗೆ ಹಡಗಿಗೆ ಉತ್ತರ ಕೊಡು ಅಂದಿದ್ದಾರೆ ಹಿಲರಿ ಸರ್. ಮರೆಯಬಾರದು."

ಮರುದಿನ ಹೇಳಬಹುದಿತ್ತು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅದೂ ನಿಜವಾದ ಕಾರಣವೋ, ಆಮೇಲೆ ಹೊಂದಿಸಿಕೊಂಡದ್ದೋ ತಿಳಿಯದು. ಕಿಂಗ್‌ಸ್ಟನ್ನಿನ ಕಾರ್ಖಾನೆ ಬೇರೆಯವರನ್ನು ಹುಡುಕಿಕೊಂಡಿತು. ಹಿಲರಿ ಸರ್‌ಗೆ ಮರೆವು ಶುರುವಾಗಿದೆ ಎಂಬ ಮಾತು ಕಚೇರಿಯಲ್ಲಿ ಹಬ್ಬಿತು. ಅವರ ವೀಸಾ ನವೀಕರಿಸುವುದಿಲ್ಲವೆಂದು ತೀರ್ಮಾನವಾಯಿತು.

ಅದಕ್ಕಿಂತ ಕೆಟ್ಟದ್ದು ನನ್ನ ಕಣ್ಣೆದುರೇ ನಡೆಯುತ್ತಿತ್ತು. ಮೂರು ಗಂಟೆಗೆ ಫೋನು ಮಾಡುವಾಗ ಅವರು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳತೊಡಗಿದರು. ಫೋನು ಇಟ್ಟ ಮೇಲೆ, "ನಾನೀಗ ಎಂತ ಹೇಳಿದೆ? ಸರಿಯಾಗಿ ಹೇಳಿದೆನಾ?" ಎಂದು ಕೇಳುವರು. ಅಷ್ಟೂ ಸಲ ಸರಿಯಾಗಿಯೇ ಹೇಳಿರುತ್ತಿದ್ದರು.

ಹೋದ ತಿಂಗಳು ಶಿರ್ವದಲ್ಲಿ ಅವರು ತೀರಿಕೊಂಡರು. ಅವರ ಹೆಂಡತಿಗೆ ಫೋನು ಮಾಡಿದೆ. "ಮದ್ದು ಆಗಷ್ಟೇ ಕುಡಿದಿರ್ತಿದ್ರು, 'ಕುಡಿದೆನಾ? ನೀನು ನೋಡಿದ್ಯಾ?' ಅಂತ ಕೇಳುವುದು," ಎಂದರು ಅವರು. "ದೋಹಾದಲ್ಲಿ ಹೀಗಿರ್ಲಿಲ್ಲ ಅಲ್ವಾ ಮಗಾ?" ಹೀಗಿರಲಿಲ್ಲ ಎಂದೆ. ಅಷ್ಟನ್ನಾದರೂ ನಿಜ ಹೇಳಿದೆ.

ಕೊನೆಯ ಸಲ ಅವರನ್ನು ನೋಡಿದ್ದು ಅವರು ಹೊರಡುವ ದಿನ, ಅವರ ಕೋಣೆಯಲ್ಲಿ. ಸಾಮಾನಿನ ಡಬ್ಬಗಳಿಗೆ ಹಗ್ಗ ಬಿಗಿಯುತ್ತಿದ್ದರು. ನಾನು ಗಂಟಿನ ಮೇಲೆ ಬೆರಳಿಟ್ಟು ಹಿಡಿದುಕೊಂಡೆ. ತಲೆ ಎತ್ತದೆಯೇ ಕೇಳಿದರು: "ಶಾಲಿನಿ, ಒಂದು ಮಾತು. ಆವತ್ತು ನಾನು ಭಾನುವಾರ ಅಂತಲೇ ಹೇಳಿದ್ದಾ?"

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇಲ್ಲ ಎಂದಿದ್ದರೆ ಅವರು ಯಾರಿಗೂ ಹೇಳುತ್ತಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು.

"ಹೌದು ಸರ್."

ಅವರು ಹಗ್ಗ ಬಿಟ್ಟು ನೆಟ್ಟಗೆ ನಿಂತರು. "ಹಾಗಾದ್ರೆ ಸರಿ ಮಾರಾಯ್ತಿ. ಶುಕ್ರವಾರ ಅಂದ ಹಾಗೇ ನನಗೆ ಅನ್ನಿಸ್ತಾ ಇತ್ತು. ನಾಲ್ಕು ದಿನ ಸುಮ್ಮನೆ ನಿನ್ನ ಮೇಲೆ ಸಂಶಯ ಪಟ್ಟೆ, ದೇವರಾಣೆ. ಕ್ಷಮಿಸಿಬಿಡು."

"ಪರವಾಗಿಲ್ಲ ಸರ್," ಎಂದೆ.