ಪಿಳ್ಳಮ್ಮನ ಬಿದಿರು ಗಳ

ಕೋಪ ಬಂದಾಗ ಏನನ್ನೂ ಬರೆಯಬೇಡಿ ಎಂದು ನನ್ನ ಹೆಂಡತಿ ಶೈಲಾ ಹೇಳುತ್ತಿರುತ್ತಾಳೆ. ಇಷ್ಟು ವರ್ಷ ಅವಳ ಮಾತು ಕೇಳಿ ನಾನೇನೂ ಉದ್ಧಾರವಾಗಿಲ್ಲ, ಹಾಗಾಗಿ ಇವತ್ತೊಂದು ದಿನ ಕೇಳುತ್ತಿಲ್ಲ. ನೀವೂ ಸ್ವಲ್ಪ ಸಹಿಸಿಕೊಳ್ಳಬೇಕು.

ಬೆಳಿಗ್ಗೆ ಹಾಲು ತರಲೆಂದು ಕೆಳಗಿಳಿದರೆ, ವೈಟ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನ ಸಂಪಿನ ಪಕ್ಕ ನೀರಿನ ಟ್ಯಾಂಕರು ನಿಂತಿತ್ತು. ಒದ್ದೆಯಾದ ರಬ್ಬರ್ ಪೈಪಿನದ್ದೇ ಒಂದು ವಾಸನೆ ಇರುತ್ತದೆ, ಅರ್ಧ ಕೆಸರು, ಅರ್ಧ ಹಳೇ ಟೈರು. ಅದನ್ನು ಮೂಸುತ್ತ ನಿಂತಿದ್ದಾಗಲೇ ಮೊಬೈಲಿಗೆ ಈ ತಿಂಗಳ ನೀರಿನ ಬಿಲ್ಲು ಬಂತು. ಹೋದ ತಿಂಗಳ ಎರಡರಷ್ಟು. ಬೇಸಿಗೆ ರಜೆಗೆಂದು ಅರ್ಧಕ್ಕರ್ಧ ಮನೆಗಳಿಗೆ ಬೀಗ ಬಿದ್ದಿದೆ, ನೀರು ಮಾತ್ರ ದುಪ್ಪಟ್ಟು ಖರ್ಚಾಗಿದೆಯಂತೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಬ್ಬರು 'ಇಷ್ಟೊಂದು ಯಾಕೆ?' ಎಂದು ಕೇಳಿದರು. 'ದಯವಿಟ್ಟು ಸಹಕರಿಸಿ' ಎಂದರು ಸೆಕ್ರೆಟರಿ. ಆಮೇಲೆ ಒಬ್ಬರ ಹಿಂದೊಬ್ಬರು ಕಟ್ಟಿದ್ದಾಯಿತು ಎಂದು ಹೆಬ್ಬೆರಳು ತೋರಿಸತೊಡಗಿದರು. ಕೇಳಿದವರೂ ಐದು ನಿಮಿಷ ಬಿಟ್ಟು 'ಹೋಗ್ಲಿ ಬಿಡಿ, ಕಟ್ಟಿದೆ' ಎಂದು ಬರೆದರು.

ಈ 'ಹೋಗ್ಲಿ ಬಿಡಿ' ಇದೆಯಲ್ಲ, ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಟೋದವನು ಮೀಟರ್ ಮೇಲೆ ಕೇಳಿದರೂ ಹೋಗ್ಲಿ ಬಿಡಿ, ಮಾರತ್ತಹಳ್ಳಿಯ ಪಿಜಿಯವನು ಸುಣ್ಣಬಣ್ಣದ ಹೆಸರಲ್ಲಿ ಅಡ್ವಾನ್ಸ್ ನುಂಗಿದರೂ ಹೋಗ್ಲಿ ಬಿಡಿ. ನಮಗೆ ಮೋಸವಾಗುತ್ತಿದೆ ಎಂದು ಗೊತ್ತಿದ್ದೂ ದೊಡ್ಡ ಮನಸ್ಸಿನವರ ಹಾಗೆ ಮುಖ ಮಾಡಿಕೊಂಡು ಜೇಬಿಗೆ ಕೈ ಹಾಕುತ್ತೇವೆ. ಆ ಮುಖ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಒಮ್ಮೆ ನಾನೇ ಅದನ್ನು ಹೊತ್ತುಕೊಂಡು ಕುಂದಲಹಳ್ಳಿಯ ಬೀದಿಯಲ್ಲಿ ನಡೆದಿದ್ದೇನೆ.

ಮದುವೆಯಾದ ಹೊಸತರಲ್ಲಿ ನಾವು ಕುಂದಲಹಳ್ಳಿಯಲ್ಲಿ ಬಾಡಿಗೆಗಿದ್ದೆವು. ಒಟ್ಟು ಆರು ಮನೆ, ಕೆಳಗೆ ಒಂದೇ ಸಂಪು. ಮನೆ ಒಡತಿ ಪಿಳ್ಳಮ್ಮ ಅದೇ ಊರಿನವರು, ಸೊಪ್ಪು, ಅವರೆ ಬೆಳೆದ ಮನೆತನ. ಹೊಲವಿದ್ದ ಜಾಗದಲ್ಲಿ ಕಟ್ಟಡಗಳೆದ್ದ ಮೇಲೂ ಹಿತ್ತಲಲ್ಲಿ ನಾಲ್ಕು ಅವರೆ ಬಳ್ಳಿ ಹಾಕಿ ಬಿದಿರಿನ ಚಪ್ಪರ ಕಟ್ಟಿದ್ದರು. ಬಾಡಿಗೆಯವರೆಲ್ಲ ಅವರನ್ನು ಆಂಟಿ ಎನ್ನುತ್ತಿದ್ದೆವು. ಹಾಗೆ ಕರೆದಾಗಲೆಲ್ಲ ಅವರು ಬೇರೆ ಯಾರನ್ನೋ ಕರೆದಂತೆ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ತಿರುಗುತ್ತಿದ್ದರು.

ಬಾಡಿಗೆಯಲ್ಲೇ ನೀರೂ ಸೇರಿತ್ತು. ಬೋರ್‌ವೆಲ್ ಬತ್ತಿದ ಮೇಲೆ ಟ್ಯಾಂಕರ್ ನೀರಿನ ಖರ್ಚನ್ನು ಪಿಳ್ಳಮ್ಮನೇ ಕೊಡುತ್ತಿದ್ದರು. ಟ್ಯಾಂಕರಿನ ಮಂಜಣ್ಣ ಅದೇ ಬೀದಿಯವನು, ಚಿಕ್ಕಂದಿನಿಂದ ಪಿಳ್ಳಮ್ಮನನ್ನು ಅತ್ತೆ ಎಂದು ಕರೆದವನು. ಇದ್ದಕ್ಕಿದ್ದಂತೆ ಎರಡು ದಿನ ಬರುತ್ತಿದ್ದ ನೀರು ಒಂದೂವರೆ ದಿನಕ್ಕೇ ಮುಗಿಯತೊಡಗಿತು. ಬಾಡಿಗೆಯವರು ಹೆಚ್ಚು ಖರ್ಚು ಮಾಡುತ್ತಿದ್ದಾರೆ ಎಂದು ಪಿಳ್ಳಮ್ಮ ನಮ್ಮ ಮೇಲೆ ರೇಗಲಿಲ್ಲ. ಬೇರೆ ಯಾವ ಓನರಾಗಿದ್ದರೂ ಮೊದಲು ಅದನ್ನೇ ಮಾಡುತ್ತಿದ್ದರು. ಇವರು ಅವರೆ ಚಪ್ಪರದಿಂದ ಒಂದು ಗಳ ಕಿತ್ತು, ಅದಕ್ಕೆ ಸೀಮೆಸುಣ್ಣ ಬಳಿದು, ಟ್ಯಾಂಕರ್ ಬರುವ ಮೊದಲೊಮ್ಮೆ, ಹೋದ ಮೇಲೊಮ್ಮೆ ಸಂಪಿಗೆ ಇಳಿಸಿ ನೋಡಿದರು. ಒದ್ದೆಯಾದಲ್ಲಿಗೆ ಕುಡುಗೋಲಿನಿಂದ ಒಂದು ಗೆರೆ. ಸಂಪು ಕಟ್ಟಿದ ಹೊಸತರಲ್ಲಿ ಸೋರುತ್ತದೆಯೇ ನೋಡಲು ಹಾಕಿಸಿದ್ದ ಒಂದು ತುಂಬಿದ ಲೋಡಿಗೆ ನೀರು ನಾಲ್ಕೂವರೆ ಗೇಣು ಏರಿತ್ತು ಎಂಬುದು ಅವರ ನೆನಪಿನಲ್ಲಿತ್ತು. ಈಗ ಏರುತ್ತಿದ್ದದ್ದು ಮೂರೂವರೆ.

ಆ ಗಳ ಹಿಡಿದುಕೊಂಡು ಅವರು ನೇರ ಬಂದದ್ದು ನನ್ನ ಬಾಗಿಲಿಗೆ. ನಾನಾಗ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಅಳತೆ ಪರೀಕ್ಷೆ ಮಾಡುವವನು. ಕೂದಲೆಳೆಯಷ್ಟು ದಪ್ಪ ಹೆಚ್ಚಾದರೂ ಇಡೀ ಪೆಟ್ಟಿಗೆಯನ್ನು ವಾಪಸು ಕಳಿಸುತ್ತಿದ್ದೆ. ಅದರ ಬಗ್ಗೆ ಸಿಕ್ಕಸಿಕ್ಕವರ ಹತ್ತಿರ ಕೊಚ್ಚಿಕೊಳ್ಳುತ್ತಲೂ ಇದ್ದೆ.

"ನೀನು ಅಳ್ತೆ ನೋಡೋನಲ್ವಾ? ನಂದು ಗೇಣು, ನಿಂದು ಟೇಪು. ಒಂದ್ಸಲ ಅಳ್ದು ಹೇಳಪ್ಪ. ಸುಮ್ಕೆ ಒಬ್ರ ಮೇಲೆ ಅಪವಾದ ಹಾಕ್ಬಾರ್ದು" ಎಂದರು.

ಅಳೆದೆ. ಒಂದಲ್ಲ, ಮೂರು ಲೋಡು. ಆರು ಸಾವಿರ ಲೀಟರಿನ ಲೋಡಿನಲ್ಲಿ ಪ್ರತಿ ಸಲವೂ ಸಾವಿರದ ಮುನ್ನೂರು ಲೀಟರಿನ ಆಸುಪಾಸು ಖೋತಾ. ಪಿಳ್ಳಮ್ಮನ ಗೇಣು ನನ್ನ ಟೇಪಿನಷ್ಟೇ ಸರಿಯಾಗಿತ್ತು. ಪೂರ್ತಿ ಖಾಲಿಯಾಗುವ ಮೊದಲೇ ವಾಲ್ವ್ ಮುಚ್ಚಿ, ಮಿಕ್ಕದ್ದನ್ನು ಮಂಜಣ್ಣ ಬೇರೆ ಕಡೆ ಮಾರುತ್ತಿದ್ದ. ನಾನೇ ಇದನ್ನು ಹೇಳಿದೆ, ಲೆಕ್ಕ ಮಾಡಿ ಚೀಟಿಯಲ್ಲೂ ಬರೆದುಕೊಟ್ಟೆ. ಇದನ್ನು ನೀವು ನೆನಪಿಟ್ಟುಕೊಳ್ಳಿ.

ತಿಂಗಳ ಕೊನೆಗೆ ಮಂಜಣ್ಣ ಬಿಲ್ಲು ತಂದ. ಪಿಳ್ಳಮ್ಮ ಜಗುಲಿಯ ಮೇಲೆ ಗಳ ಅಡ್ಡ ಇಟ್ಟುಕೊಂಡು ಕೂತಿದ್ದರು.

"ಬಂದಷ್ಟಕ್ಕೆ ಕೊಡ್ತೀನಿ ಕಣ್ಲಾ. ಬರ್ದೆ ಇದ್ದಿದ್ದಕ್ಕೆ ಕೊಡಾಕಿಲ್ಲ."

"ಏನತ್ತೆ, ನನ್ ಮೇಲೆ ನಂಬ್ಕೆ ಇಲ್ವಾ?"

"ನಂಬ್ಕೆ ಇದ್ದಿದ್ಕೇ ಇಷ್ಟ್ ದಿನ ಅಳೀಲಿಲ್ಲ."

ಮಂಜಣ್ಣ ಬೈಕಿನ ಕೀ ತಿರುಗಿಸುತ್ತ ನಕ್ಕ. "ಅಂಗಾರೆ ಕೋಲಿಂದ್ಲೇ ನೀರು ತರ್ಸ್ಕೋ" ಎಂದು ಹೊರಟುಹೋದ. ಮರುದಿನದಿಂದ ಟ್ಯಾಂಕರ್ ಬರಲಿಲ್ಲ. ಬೇರೆಯವರಿಗೆ ಫೋನ್ ಮಾಡಿದರೆ, ಅದು ಮಂಜಣ್ಣನ ಬೀದಿ, ನಾವು ಬರಲ್ಲ ಎಂದರು.

ಒಂದು ದಿನ, ಎರಡು ದಿನ, ಮೂರು ದಿನ. ಪಿಳ್ಳಮ್ಮ ತಾವೇ ದೂರದ ಸಾರ್ವಜನಿಕ ನಲ್ಲಿಯಿಂದ ಕೊಡ ಹೊತ್ತು ತಂದು ಒಂದೊಂದು ಮನೆಯ ಬಾಗಿಲಿಗೆ ಒಂದೊಂದು ಇಡುತ್ತಿದ್ದರು. "ಇನ್ನೊಂದ್ ನಾಕ್ ದಿನ ತಡ್ಕೊಳ್ರಪ್ಪ. ಅವ್ನೇ ಬತ್ತಾನೆ, ಅವ್ನ್ಗೂ ಯಾಪಾರ ಬೇಕಲ್ಲ" ಎನ್ನುತ್ತಿದ್ದರು. ನಾವು ತಡೆದುಕೊಳ್ಳಲಿಲ್ಲ. ಮಹಡಿಯ ಮೇಲಿನ ಹುಡುಗ, "ಗುರು, ತಲೆಗೆ ಇಷ್ಟು ಅಂತ ಹಾಕಿ ಮುಗಿಸ್ಬಿಡೋಣ, ಹೋಗ್ಲಿ ಬಿಡಿ" ಎಂದ. ಆರೂ ಮನೆಯವರು ಒಪ್ಪಿದರು. ಶೈಲಾ ಆಗ ಏಳು ತಿಂಗಳ ಬಸುರಿ. ಅವಳಿಗೆ ತೊಂದರೆ ಎಂಬುದೇ ನನ್ನ ನೆಪ. ನಿಜ ಹೇಳಬೇಕೆಂದರೆ ಅವಳು ಒಂದು ಚೊಂಬನ್ನೂ ಎತ್ತಿರಲಿಲ್ಲ. ಡ್ಯೂಟಿಯಿಂದ ಬಂದು ಕ್ಯಾನು ಹೊತ್ತು ಬೇಸತ್ತವನು ನಾನು. ಹಿರಿಯನೆಂದು ದುಡ್ಡನ್ನು ನನ್ನ ಕೈಗೇ ಕೊಟ್ಟರು. ನಾನು ಹೋಗಿ ಮಂಜಣ್ಣನಿಗೆ ಪೂರ್ತಿ ಬಿಲ್ಲು ಕಟ್ಟಿ, "ಆಂಟಿಗೆ ಹೇಳ್ಬೇಡಿ" ಎಂದು ಬಂದೆ.

ಎಂಥ ಬುದ್ಧಿವಂತ ನೋಡಿ ನಾನು. ಮರುದಿನ ಬೆಳಿಗ್ಗೆಯೇ ಟ್ಯಾಂಕರ್ ಬಂತು, ಮುಂದೆ ಮಂಜಣ್ಣ. ಇಡೀ ಬೀದಿಗೆ ಕೇಳುವಂತೆ ಕೂಗಿ ಹೇಳಿದ: "ಅತ್ತೆ, ನಿಮ್ ಬಾಡ್ಗೆಯೋರೇ ಒಪ್ಕೊಂಡು ಪೂರ್ತಿ ಕೊಟ್ಟವ್ರೆ. ಅಳ್ತೆ ನೋಡಿದ ಸಾರೇ ತಂದ್ಕೊಟ್ರು. ಆ ಕೋಲು ಒಲೆಗಾಕು."

ಎದುರು ಮನೆಯವರು ಹೊರಗೆ ಬಂದು ನೋಡಿದರು. ಯಾರೋ ನಕ್ಕರು. ಪಿಳ್ಳಮ್ಮ ಮಂಜಣ್ಣನ ಕಡೆ ನೋಡಲೇ ಇಲ್ಲ, ಬಾಗಿಲಲ್ಲಿ ನಿಂತಿದ್ದ ನನ್ನನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ದುಡ್ಡು ಓಯ್ತು ಅಂತಲ್ಲ ಕಣಪ್ಪ. ನಾಕ್ ಜನದ ಮುಂದೆ ನನ್ನ ಸುಳ್ಳಿ ಮಾಡ್ಬುಟ್ಟೆ. ನಿನಗೊಬ್ಬನಿಗೆ ಗೊತ್ತಿತ್ತು, ನಾನು ಯೋಳಿದ್ದು ದಿಟ ಅಂತ."

ಮುಂದಿನ ತಿಂಗಳ ಬಾಡಿಗೆಯಲ್ಲಿ, ನಾವು ತಲೆಗೆ ಹಾಕಿದ್ದಷ್ಟನ್ನೂ ಅವರು ಆರೂ ಮನೆಯವರಿಗೆ ಕಡಿಮೆ ಮಾಡಿ ತೆಗೆದುಕೊಂಡರು. ತಮ್ಮ ಮನೆಗಳ ನೀರಿನ ದುಡ್ಡನ್ನು ಬಾಡಿಗೆಯವರು ಕೊಡುವುದು ಬೇಡ ಎಂದರು. ನಾನೂ ಅವರು ಹೇಳಿದಷ್ಟನ್ನೇ ಎಣಿಸಿ ಕೊಟ್ಟೆ. ಅಂದರೆ, ಅವರು ಕೊಡುವುದಿಲ್ಲವೆಂದು ಹಟ ಹಿಡಿದಿದ್ದ ದುಡ್ಡು ಕೊನೆಗೆ ಅವರ ಸೆರಗಿನಿಂದಲೇ ಹೋಯಿತು, ನನ್ನ ಕೈಯಿಂದ. ಟ್ಯಾಂಕರ್ ಬರುತ್ತಲೇ ಇತ್ತು, ಮೂರೂವರೆ ಗೇಣು. ಪಿಳ್ಳಮ್ಮ ಮತ್ತೆ ಅಳೆಯಲಿಲ್ಲ. ಗಳ ಚಪ್ಪರಕ್ಕೆ ವಾಪಸು ಹೋಯಿತು, ಗೆರೆಗಳ ಮೇಲೆ ಬಳ್ಳಿ ಹಬ್ಬಿತು. ನಾವು ಆ ಮನೆ ಬಿಟ್ಟೆವು.

ಮಂಜಣ್ಣನ ಮೇಲೆ ನನಗೆ ಈಗಲೂ ಸಿಟ್ಟಿದೆ. ಆದರೆ ಅವನು ಕದ್ದದ್ದು ನೀರು. ನಾನು ಮಾಡಿದ್ದಕ್ಕೆ ಏನೆನ್ನಬೇಕೋ ನೀವೇ ಹೇಳಿ.

ಇವತ್ತು ಬೆಳಿಗ್ಗೆ ನಾನು ಬಿಲ್ಲು ಕಟ್ಟಲಿಲ್ಲ. ಕಟ್ಟುವುದಿಲ್ಲ ಎಂದು ಗ್ರೂಪಿನಲ್ಲಿ ಬರೆದೆ. ವಾಚ್‌ಮನ್ ಹತ್ತಿರ ಜೇಡರ ಬಲೆ ತೆಗೆಯುವ ಉದ್ದ ಕೋಲು ಇಸಿದುಕೊಂಡು ಸಂಪಿನ ಹತ್ತಿರ ಬಂದೆ. ಕೈಯಲ್ಲಿ ಸೀಮೆಸುಣ್ಣವೂ ಇತ್ತು, ಧೈರ್ಯ ಮಾತ್ರ ಸ್ವಲ್ಪ ಕಡಿಮೆ ಬಿತ್ತು. ಎಷ್ಟೋ ವರ್ಷದ ಮೇಲೆ 'ಓನರ್ ಆಂಟಿ' ಎಂದು ಮೊಬೈಲಿನಲ್ಲಿ ಉಳಿಸಿಕೊಂಡಿದ್ದ ನಂಬರಿಗೆ ಫೋನ್ ಮಾಡಿದೆ. ಪಿಳ್ಳಮ್ಮನೇ ಎತ್ತಿದರು. ಹೆಸರು ಹೇಳಿದೆ, ವಿಷಯ ಹೇಳಿದೆ. "ಅವತ್ತು ನಾನು..." ಎಂದು ಶುರುಮಾಡಿದ್ದಕ್ಕೆ ನಡುವೆಯೇ ತಡೆದರು.

"ಅದಿರ್ಲಿ. ಪೈಪು ಬುಡೋಕೆ ಮುಂಚೆ ಗೆರೆ ಆಕ್ಕೊಂಡ್ಯಾ?"

"ಇಲ್ಲ, ಆಗಲೇ ಬಿಟ್ಟಿದ್ರು."

"ಅಂಗಾರೆ ಇದು ಲೆಕ್ಕಕ್ಕಿಲ್ಲ. ಮುಂದಿನ್ ಲೋಡಿಗೆ ನಿಂತ್ಕೊ. ಎಷ್ಟ್ ಮನೆ ಅವೆ ನಿಮ್ ಬಿಲ್ಡಿಂಗ್ನಲ್ಲಿ?"

"ಅರವತ್ತು."

ಫೋನಿನ ಆ ಕಡೆ ಯಾವುದೋ ಪಾತ್ರೆಗೆ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಅರವತ್ ಮನೇಲಿ ನಿನ್ನಂಗೆ ಒಬ್ಬ ಇದ್ದೇ ಇರ್ತಾನೆ ಕಣಪ್ಪ. ಟ್ಯಾಂಕರ್ನೋನು ಆಮ್ಯಾಕೆ. ಮೊದ್ಲು ಅವನ್ನ ನೋಡ್ಕೊ."